ಗೋಡೆಯಾಚೆಯ ಡಿಸ್ಕೊ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಈಗ ಮದುವೆ ಎಂದರೆ ಹಿಂದಿನ ಸಂಜೆಯ ಮೆಹಂದಿಯೂ ಸೇರಿಯೇ ಲೆಕ್ಕ. ಅಂಗಳದಲ್ಲಿ ಶಾಮಿಯಾನ ಹಾಕುತ್ತಾರೆ. ಒಂದು ಬದಿಗೆ ಊಟ, ಇನ್ನೊಂದು ಬದಿಗೆ ಡಿಜೆ. ಹುಡುಗ ಹುಡುಗಿಯರು ಕುಣಿಯುತ್ತಾರೆ. ಮನೆಯ ಹಿರಿಯರು ಒಳಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ. ಬೆಳಿಗ್ಗೆ ಅವರ ದೂರು ಒಂದೇ. ಅದೆಂಥ ಸಂಗೀತ, ಬರೀ ಡುಂ ಡುಂ. ಮೊಮ್ಮಕ್ಕಳದ್ದೂ ಒಂದು ದೂರಿದೆ. ಅಜ್ಜಯ್ಯನ ಯಕ್ಷಗಾನದ ಆಟ ಎಂದರೆ ರಾತ್ರಿಯಿಡೀ ಚಂಡೆಯ ಪೆಟ್ಟು, ಅದರಲ್ಲಿ ಕೇಳುವುದಕ್ಕೆ ಏನಿದೆ? ಈ ಎರಡೂ ದೂರುಗಳಿಗೆ ತಲೆಮಾರಿನ ಅಂತರ ಎಂದು ಹೆಸರಿಟ್ಟು ನಾವು ಸುಮ್ಮನಾಗಿದ್ದೇವೆ. ಹಾಗೆ ಸುಮ್ಮನಾಗಬೇಕಾಗಿಲ್ಲ ಎಂಬುದು ನನ್ನ ವಾದ. ಕುಣಿತದ ಸಂಗೀತವನ್ನು ಹೊರಗೆ ನಿಂತು ಕೇಳಿದವರಿಗೆ ಅದರ ಅರ್ಧವೇ ಸಿಗುತ್ತದೆ. ಹಿರಿಯರು ಕಿರಿಯರದ್ದನ್ನು ಅರ್ಧ ಕೇಳಿದ್ದಾರೆ. ಕಿರಿಯರು ಹಿರಿಯರದ್ದನ್ನು ಅರ್ಧ ಕೇಳಿದ್ದಾರೆ. ಪೂರ್ತಿ ಕೇಳಿದ ಕಡೆಯಲ್ಲಿ ಅಜ್ಜಯ್ಯನಿಗೂ ಮೊಮ್ಮಗನಿಗೂ ಒಂದೇ ಹಾಡು ಹಿಡಿಸಿದ ಉದಾಹರಣೆಗಳು ಬೇಕಾದಷ್ಟಿವೆ.

ಮೊದಲು, ಯಾವ ಸಂಗೀತದ ಮಾತು ಇದು ಎಂದು ಹೇಳಿಬಿಡುತ್ತೇನೆ. 1970ರ ದಶಕದಲ್ಲಿ ಅಮೆರಿಕದ ನಗರಗಳಲ್ಲಿ ಡಿಸ್ಕೊ ಬೆಳೆಯಿತು. ಅದಕ್ಕೆ ಪಿಟೀಲುಗಳ ದೊಡ್ಡ ತಂಡ ಬೇಕಿತ್ತು, ತುತ್ತೂರಿ ಬೇಕಿತ್ತು, ಹಣ ಬೇಕಿತ್ತು. 1977ರಲ್ಲಿ ಜಾರ್ಜಿಯೊ ಮೊರೊಡರ್ ಎಂಬ ಸಂಯೋಜಕ ಗಾಯಕಿ ಡೋನಾ ಸಮರ್ ಅವರಿಗಾಗಿ ಮಾಡಿದ ಒಂದು ಹಾಡಿನಲ್ಲಿ ಕಂಠ ಮತ್ತು ಒಂದು ಡ್ರಮ್ ಬಿಟ್ಟರೆ ಉಳಿದದ್ದೆಲ್ಲ ಸಿಂಥಸೈಜರ್ ಎಂಬ ವಿದ್ಯುನ್ಮಾನ ವಾದ್ಯದ್ದು. ಅದೇ ಸುಮಾರಿಗೆ, ಫಂಕ್ ಎಂಬ ಕುಣಿತದ ಸಂಗೀತ ನುಡಿಸುತ್ತಿದ್ದ ಪಾರ್ಲಿಮೆಂಟ್ ತಂಡದಲ್ಲಿ ಬರ್ನಿ ವೊರೆಲ್ ಬೇಸ್ ಗಿಟಾರಿನ ಕೆಲಸವನ್ನು ಸಿಂಥಸೈಜರಿನ ಕೀಲಿಗಳ ಮೇಲೆ ಮಾಡಿ ತೋರಿಸಿದರು. 1980ರ ಸುಮಾರಿಗೆ ಡಿಸ್ಕೊ ಮೇಲೆ ಹಣ ಹಾಕುವವರು ಹಿಂದೆ ಸರಿದರು. ಪಿಟೀಲಿನ ತಂಡ ಹೋಯಿತು. ಒಬ್ಬಿಬ್ಬರು ಕಲಾವಿದರು, ಒಂದೆರಡು ಯಂತ್ರಗಳು ಉಳಿದವು. 1980ರಲ್ಲೇ ಜಪಾನಿನ ರೋಲಂಡ್ ಕಂಪನಿ ಟಿಆರ್-808 ಎಂಬ ಡ್ರಮ್ ಯಂತ್ರವನ್ನು ತಂದಿತು. ಮೂರು ವರ್ಷಗಳಲ್ಲಿ ತಯಾರಾದದ್ದು ಸುಮಾರು 12,000 ಯಂತ್ರ, ಅಷ್ಟೇ. ಆದರೆ ಅದರ ಸದ್ದು ಇಂದಿಗೂ ಎಷ್ಟೋ ಮೆಹಂದಿ ಮನೆಗಳಲ್ಲಿ ಕೇಳಿಸುತ್ತದೆ. ಬಡತನದಲ್ಲಿ ಹುಟ್ಟಿದ ಈ ಸಂಗೀತಕ್ಕೆ ಎಲೆಕ್ಟ್ರಾನಿಕ್ ಫಂಕ್ ಎಂದರು, ಡಿಸ್ಕೊ ನಂತರದ ಕುಣಿತದ ಸಂಗೀತ ಎಂದರು. ನಮ್ಮ ನಾಡಿಗೂ ಇದಕ್ಕೂ ನಂಟು ಅದೇ ಕಾಲದ್ದು. ಬಿಡ್ಡು ಎಂಬ ಹೆಸರು ಕೇಳಿರಬಹುದು. ಬೆಂಗಳೂರಿನಲ್ಲಿ ಹುಟ್ಟಿದ ಕೊಡವ. 1974ರಲ್ಲಿ ಲಂಡನ್ನಿನಲ್ಲಿ ಅವರು ನಿರ್ಮಿಸಿದ ‘ಕುಂಗ್‌ಫು ಫೈಟಿಂಗ್’ ಬ್ರಿಟನ್, ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೆ ಏರಿತು. 1980ರಲ್ಲಿ ‘ಕುರ್ಬಾನಿ’ ಚಿತ್ರಕ್ಕೆ ಅವರು ಕೊಟ್ಟ ಒಂದು ಹಾಡು, 1981ರಲ್ಲಿ ನಾಜಿಯಾ ಹಸನ್ ಜೊತೆಗಿನ ‘ಡಿಸ್ಕೊ ದೀವಾನೆ’, ಇವೆರಡೂ ಉಪಖಂಡದ ಕಿವಿಯನ್ನೇ ಬದಲಿಸಿದವು. ಅದೇ 1981ರಲ್ಲಿ ಕನ್ನಡದಲ್ಲಿ ‘ಗೀತಾ’ ಚಿತ್ರ ಬಂತು. ನಿರ್ದೇಶಕ ಶಂಕರನಾಗ್ ನಮ್ಮ ಕರಾವಳಿಯವರು. ಬೈಂದೂರಿನಿಂದ ಭಟ್ಕಳ ದಾಟಿದರೆ ಅವರ ಹೊನ್ನಾವರ. ಸಂಗೀತ ಇಳಯರಾಜ ಅವರದು. 1986ರಲ್ಲಿ ‘ಆಫ್ರಿಕಾದಲ್ಲಿ ಶೀಲಾ’ ಚಿತ್ರಕ್ಕೆ ಬಪ್ಪಿ ಲಹಿರಿ ಬಂದರು. ಮರುವರ್ಷ ಹಂಸಲೇಖ ಸಂಗೀತದ ‘ಪ್ರೇಮಲೋಕ’ ಬಂತು. ಕ್ಯಾಸೆಟ್ಟುಗಳು ಮುಂಬಯಿಯ ಹೋಟೆಲ್ ಕೆಲಸದಿಂದ ರಜೆಗೆ ಬಂದವರ ಚೀಲದಲ್ಲಿ ಬಂದವು. ಕೊಲ್ಲಿ ದೇಶಗಳಿಂದ ಗಂಗೊಳ್ಳಿಗೆ, ಶಿರೂರಿಗೆ ಟೇಪ್‌ ರೆಕಾರ್ಡರುಗಳು ಬಂದವು. ಹಾಗಾಗಿ ಈ ಸಂಗೀತ ಇಲ್ಲಿ ನಿನ್ನೆ ಮೊನ್ನೆಯದಲ್ಲ. ಇಂದಿನ ಅಜ್ಜಯ್ಯ ಅಂದಿನ ಹೈದ.

ಇಲ್ಲಿಯವರೆಗೆ ಹೇಳಿದ್ದು, ಈ ಸಂಗೀತಕ್ಕೆ ನಲವತ್ತು ವರ್ಷ ದಾಟಿದೆ, ನಮಗೆ ಅದು ಅಪರಿಚಿತವಲ್ಲ ಎಂದು. ಹಾಗಿದ್ದರೆ ಒಳಕೋಣೆಯಲ್ಲಿ ಮಲಗಿದವರಿಗೆ ಅದು ಬರೀ ಡುಂ ಡುಂ ಆಗಿ ಕೇಳುವುದೇಕೆ? ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜವಾಗಿಯೂ ಅಷ್ಟೇ ಕೇಳಿಸುತ್ತಿದೆ. ಶಬ್ದ ಎಂದರೆ ಗಾಳಿಯ ಅಲೆ. ಬೇಸ್ ಎಂದು ಕರೆಯುವ ತಗ್ಗಿನ ಸ್ವರದ ಅಲೆ ಬಹಳ ಉದ್ದ. ಸೆಕೆಂಡಿಗೆ 50 ಸಲ ಕಂಪಿಸುವ ಸ್ವರದ ಒಂದು ಅಲೆ ಸುಮಾರು 7 ಮೀಟರ್, ಅಂದರೆ ಒಂದು ಜಗಲಿಯ ಉದ್ದ. ಕಂಚಿನ ಜೋಡಿ ತಟ್ಟೆಯ ಚಿಸ್ ಚಿಸ್ ಎಂಬ ಸದ್ದಿದೆಯಲ್ಲ, ಸೆಕೆಂಡಿಗೆ 5,000 ಸಲ ಕಂಪಿಸುವಂಥದ್ದು, ಅದರ ಅಲೆ ಸುಮಾರು 7 ಸೆಂಟಿಮೀಟರ್, ಒಂದು ಬೆರಳಿನಷ್ಟು. ಗೋಡೆ ಈ ಸಣ್ಣ ಅಲೆಗಳನ್ನು ಸುಲಭವಾಗಿ ತಡೆಯುತ್ತದೆ. ಉದ್ದದ ಅಲೆಗಳನ್ನು ಅಷ್ಟಾಗಿ ತಡೆಯಲಾರದು. ಹಾಗಾಗಿ ಅಂಗಳದ ಹಾಡು ಗೋಡೆ ದಾಟುವಾಗ ಅದರ ಮಾತು ಹೋಗುತ್ತದೆ. ರಾಗ ಹೋಗುತ್ತದೆ. ಚಪ್ಪಾಳೆ ಹೋಗುತ್ತದೆ. ಉಳಿಯುವುದು ತಗ್ಗಿನ ಒಂದೇ ಪೆಟ್ಟು. ಹಿರಿಯರು ಬೈಯುವುದು ಆ ಉಳಿಕೆಯನ್ನು. ಅದನ್ನೇ ಇಡೀ ರಾತ್ರಿ ಕೇಳಿಸಿದರೆ ಕುಣಿಯುವ ಹುಡುಗರೂ ಬೈದಾರು.

ಚಂಡೆಯದ್ದು ಇದಕ್ಕೆ ತೀರಾ ತಿರುಗುಮುರುಗು. ಯಕ್ಷಗಾನದ ಬಡಗುತಿಟ್ಟು ಶೈಲಿಯ ಹಿಮ್ಮೇಳದಲ್ಲಿ ಭಾಗವತರ ಪದ, ಅವರ ಕೈಯ ತಾಳ, ಮದ್ದಳೆ, ಚಂಡೆ, ಶ್ರುತಿ ಇವಿಷ್ಟು ಇರುತ್ತವೆ. ಇವುಗಳಲ್ಲಿ ಚಂಡೆಯ ಸದ್ದು ಮೊನಚು, ಜೊತೆಗೆ ಬಹಳ ಜೋರು. ಬಯಲು ದಾಟಿ, ತೋಡು ದಾಟಿ, ಮುಂದಿನ ಊರಿಗೂ ಹೋಗುತ್ತದೆ. ಆಟ ಇದೆ ಎಂದು ಊರಿಗೆ ತಿಳಿಸುವುದಕ್ಕೆ ಅದನ್ನು ಬಾರಿಸುತ್ತಿದ್ದದ್ದೂ ಅದಕ್ಕೇ. ಆದರೆ ಮದ್ದಳೆಯ ಎಡದ ತುಂಬು ನಾದ ಅಷ್ಟು ದೂರ ಬರುವುದಿಲ್ಲ. ಪದದ ಸಾಹಿತ್ಯವೂ ಬರುವುದಿಲ್ಲ. ಹಾಸಿಗೆಯಲ್ಲಿ ಮೊಬೈಲು ಹಿಡಿದು ಮಲಗಿದ ಹುಡುಗನಿಗೆ ಮಂದಾರ್ತಿ ಮೇಳದ ಆಟದಿಂದ ತಲುಪುವುದು ಚಂಡೆಯೊಂದೇ. ಅವನ ಕಿವಿಗೂ ಅದು ಬರೀ ಪೆಟ್ಟು. ಅಜ್ಜಯ್ಯನಿಗೆ ತಗ್ಗಿನ ಅರ್ಧ ಬಂತು, ಮೊಮ್ಮಗನಿಗೆ ಏರಿನ ಅರ್ಧ ಬಂತು. ಇಬ್ಬರೂ ಅರ್ಧವನ್ನೇ ಪೂರ್ತಿ ಎಂದು ತೀರ್ಪು ಕೊಟ್ಟರು.

ಇಬ್ಬರೂ ಅರ್ಧ ಕೇಳಿದ್ದಾರೆ ಎಂದೆ. ಉಳಿದರ್ಧದಲ್ಲಿ ಏನಿದೆ ಎಂಬುದು ಮುಂದಿನ ಪ್ರಶ್ನೆ. ಮೈ ಕುಣಿಯುವುದು ಆ ಉಳಿದರ್ಧದಿಂದಲೇ. 2014ರಲ್ಲಿ ಮಾರಿಯಾ ವಿಟೆಕ್ ಮತ್ತು ಸಂಗಡಿಗರು ಒಂದು ಸಂಶೋಧನೆ ಪ್ರಕಟಿಸಿದರು. ಅವರು ಫಂಕ್ ಸಂಗೀತದ ಸುಮಾರು 50 ಡ್ರಮ್ ತುಣುಕುಗಳನ್ನು ಜನರಿಗೆ ಕೇಳಿಸಿದರು. ಯಾವುದಕ್ಕೆ ಕುಣಿಯಬೇಕು ಅನ್ನಿಸುತ್ತದೆ ಎಂದು ಕೇಳಿದರು. ಪೆಟ್ಟುಗಳು ನಿರೀಕ್ಷಿಸಿದ ಜಾಗದಲ್ಲೇ ಬೀಳುವ ತುಣುಕು ಜನರಿಗೆ ಸಪ್ಪೆ ಎನಿಸಿತು. ಎಲ್ಲೆಲ್ಲೋ ಬೀಳುವ ತುಣುಕು ಗೊಂದಲ ಎನಿಸಿತು. ನಡುವಿನದ್ದು, ಅಂದರೆ ಎದುರುನೋಡಿದ ಜಾಗವನ್ನು ಆಗಾಗ ತಪ್ಪಿಸಿ ಮತ್ತೆ ಬಂದು ಸೇರಿಕೊಳ್ಳುವಂಥದ್ದು, ಎಲ್ಲಕ್ಕಿಂತ ಹೆಚ್ಚು ಕುಣಿಯುವ ಆಸೆ ಹುಟ್ಟಿಸಿತು. ಈ ತಪ್ಪಿಸುವ ಆಟ ನಡೆಯುವುದು ಬಹುಮಟ್ಟಿಗೆ ಸಣ್ಣ ಸದ್ದುಗಳಲ್ಲಿ. ಕಂಚಿನ ತಟ್ಟೆ, ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಬೀಳುವ ಚಪ್ಪಾಳೆ, ಗಿಟಾರಿನ ತಂತಿಯ ಸಣ್ಣ ಗೀರು. ಬೇಸ್ ಕೂಡ ಒಳ್ಳೆಯ ಫಂಕಿನಲ್ಲಿ ಸುಮ್ಮನೆ ಬಡಿಯುವುದಿಲ್ಲ. ಒಂದನೆಯ ಎಣಿಕೆಗೆ ಗಟ್ಟಿಯಾಗಿ ನಿಂತು, ಮುಂದಿನ ಎರಡು ಎಣಿಕೆಯಲ್ಲಿ ಮೌನವಾಗಿ, ಕೊನೆಯಲ್ಲಿ ಓಡಿಬಂದು ಮತ್ತೆ ಒಂದನ್ನು ಹಿಡಿಯುತ್ತದೆ. ಆ ಮೌನವನ್ನು ಕೇಳಬೇಕು. ಗೋಡೆ ಸಣ್ಣ ಸದ್ದುಗಳನ್ನೆಲ್ಲ ನುಂಗಿತು ಎಂದೆನಲ್ಲ, ಅದರೊಂದಿಗೆ ಕುಣಿಸುವ ಗುಣವನ್ನೇ ನುಂಗಿತು. ಆಟಕ್ಕೆ ಹೋಗಿ ರೂಢಿಯಿರುವ ಹಿರಿಯರಿಗೆ ಈ ಲೆಕ್ಕ ಕಷ್ಟವಲ್ಲ. ಮದ್ದಳೆ ನಡೆಯನ್ನು ಹಿಡಿದುಕೊಂಡಿರುವಾಗ ಚಂಡೆ ಅದನ್ನು ತಪ್ಪಿಸಿದಂತೆ ಮಾಡಿ, ಬಿಡ್ತಿಗೆ ಎಂಬ ಮುಕ್ತಾಯದಲ್ಲಿ ಬಂದು ಕೂಡುವುದು ಅವರಿಗೆ ಗೊತ್ತು. ವೇಷಧಾರಿಯ ಹೆಜ್ಜೆ ಎಲ್ಲಿ ಬಂದು ನಿಲ್ಲಬೇಕು ಎಂದು ಅವರ ಮೈಗೆ ಗೊತ್ತು. ಎರಡು ಸಂಗೀತವೂ ಒಂದೇ ಎಂದು ನಾನು ಹೇಳುವುದಿಲ್ಲ. ಹಿರಿಯರಲ್ಲಿ ಕೇಳುವ ಶಕ್ತಿ ಆಗಲೇ ಇದೆ, ಅವರಿಗೆ ಬೇಕಿರುವುದು ಅಂಗಳದಲ್ಲೊಂದು ಕುರ್ಚಿ ಎನ್ನುತ್ತೇನೆ.

ಇದಕ್ಕೆ ಬರುವ ಆಕ್ಷೇಪಗಳನ್ನು ಈಗ ನೋಡೋಣ. ಮೊದಲನೆಯದು, ಹಳೆಯದನ್ನು ಇಷ್ಟಪಡುವುದು ಬರೀ ನೆನಪಿನ ಮೋಹ ಎಂಬುದು. ಹದಿನೆಂಟರಲ್ಲಿ ಕೇಳಿದ್ದು ಎಂಬತ್ತರಲ್ಲೂ ಸಿಹಿ. ಅದರಲ್ಲಿ ಸಂಗೀತದ ಹೆಚ್ಚುಗಾರಿಕೆ ಏನು ಎನ್ನುತ್ತಾರೆ. ಈ ಮಾತು ನಿಜವಾಗಿದ್ದರೆ, ತಾನು ಹುಟ್ಟುವ ಮೊದಲಿನ ಹಾಡು ಯಾವ ಹುಡುಗನಿಗೂ ಹಿಡಿಸಬಾರದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರಮ್‌ಹಾನ್ಸಲ್ ಮತ್ತು ಅವರ ಸಹೋದ್ಯೋಗಿ 2013ರಲ್ಲಿ ಇದನ್ನೇ ಪರೀಕ್ಷಿಸಿದರು. ಇಪ್ಪತ್ತರ ಆಸುಪಾಸಿನ ಸುಮಾರು 60 ಮಂದಿಗೆ ಹಲವು ದಶಕಗಳ ಜನಪ್ರಿಯ ಹಾಡುಗಳನ್ನು ಕೇಳಿಸಿದರು. ತಮ್ಮ ಕಾಲದ ಹಾಡುಗಳ ಜೊತೆಗೆ 1980ರ ದಶಕದ ಆರಂಭದ ಹಾಡುಗಳಿಗೂ ಆ ಯುವಕರ ಒಲವು ಎದ್ದು ಕಂಡಿತು. ಅದು ಅವರ ತಂದೆತಾಯಿಯರ ಹರೆಯದ ಕಾಲ. ಅದಕ್ಕೂ ಹಿಂದಕ್ಕೆ, 1960ರ ದಶಕದ ಹಾಡುಗಳಿಗೂ ಇನ್ನೊಂದು ಏರು ಕಂಡಿತು. ಅದು ಅಜ್ಜ ಅಜ್ಜಿಯರ ಕಾಲ. ಮನೆಯಲ್ಲಿ, ಕಾರಿನಲ್ಲಿ, ಹಿರಿಯರ ಜೊತೆಗೆ ಕೂತು ಕೇಳಿದ್ದು ಒಳಗೆ ಇಳಿದಿರಬೇಕು. ಒಂದೇ ಕೋಣೆಯಲ್ಲಿ ಕೇಳಿದ್ದಕ್ಕೆ ಇಷ್ಟು ಬಲ. ನಮ್ಮಲ್ಲೂ ನೋಡಿ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದಲ್ಲಿ ಜಿ.ಕೆ. ವೆಂಕಟೇಶ್ ಸಂಗೀತಕ್ಕೆ ಡಾ. ರಾಜ್‌ಕುಮಾರ್ ಹಾಡಿದ ‘ಇಫ್ ಯು ಕಮ್ ಟುಡೇ’ ಎಂಬ ಇಂಗ್ಲಿಷ್ ಹಾಡಿದೆ. ಅದು ಮೂವತ್ತು ವರ್ಷಗಳ ಮೇಲೆ ಕಾಲೇಜು ಹುಡುಗರ ಬಾಯಲ್ಲಿ, ಅಂಗಿಗಳ ಮೇಲೆ, ಮೊಬೈಲುಗಳಲ್ಲಿ ಮತ್ತೆ ಹುಟ್ಟಿತು. ಆ ಚಿತ್ರ ಬಂದಾಗ ಅವರಲ್ಲಿ ಯಾರೂ ಹುಟ್ಟಿರಲಿಲ್ಲ. ಇನ್ನೊಂದು ಉದಾಹರಣೆ ಇದಕ್ಕಿಂತ ದೊಡ್ಡದು. ಚರಣ್‌ಜಿತ್ ಸಿಂಗ್ ಮುಂಬಯಿಯ ಚಿತ್ರಸಂಗೀತದ ವಾದ್ಯಗಾರ. 1982ರಲ್ಲಿ ಅವರು ರೋಲಂಡ್ ಯಂತ್ರಗಳನ್ನು ಮುಂದಿಟ್ಟುಕೊಂಡು, ಡಿಸ್ಕೊ ಲಯಕ್ಕೆ ಹತ್ತು ರಾಗಗಳನ್ನು ನುಡಿಸಿ ಒಂದು ಧ್ವನಿಮುದ್ರಿಕೆ ಮಾಡಿದರು. ಹೆಚ್ಚು ಜನ ಕೊಳ್ಳಲಿಲ್ಲ. 2010ರಲ್ಲಿ ಅದು ಮರುಮುದ್ರಣವಾಯಿತು. ಆ ಮೇಲೆ ಎಪ್ಪತ್ತು ದಾಟಿದ ಅವರನ್ನು ಯುರೋಪಿನ ವೇದಿಕೆಗಳು ಕರೆದವು. ಎದುರಿಗೆ ಕುಣಿದವರು ಇಪ್ಪತ್ತರ ಹುಡುಗರು. ಅವರಿಗೆ ಯಾವ ನೆನಪಿನ ಮೋಹವಿತ್ತು? ಸಂಗೀತದಲ್ಲೇ ಹುರುಳಿತ್ತು.

ನೆನಪಿನ ಮೋಹವೊಂದೇ ಇದನ್ನು ವಿವರಿಸುವುದಿಲ್ಲ ಎಂದಾಯಿತು. ಎರಡನೆಯ ಆಕ್ಷೇಪ, ಇದು ಯಂತ್ರದ ಸಂಗೀತ, ಇದರಲ್ಲಿ ಮನುಷ್ಯನ ಕೈ ಇಲ್ಲ ಎಂಬುದು. ಈ ಮಾತಿಗೆ ಬಾನುಲಿಯ ಚರಿತ್ರೆಯಲ್ಲೇ ಉತ್ತರವಿದೆ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಅದು ಪರದೇಶದ ಪೆಟ್ಟಿಗೆ, ಅದರ ಸ್ವರ ಕೀಲಿಗೆ ಕಟ್ಟುಬಿದ್ದದ್ದು, ಗಮಕ ಬಾರದ್ದು ಎಂಬ ಕಾರಣಕ್ಕೆ. ರವೀಂದ್ರನಾಥ ಠಾಕೂರರಂಥ ದೊಡ್ಡವರೂ ಆ ವಾದ್ಯವನ್ನು ಒಪ್ಪಿರಲಿಲ್ಲ. ನಿರ್ಬಂಧ ಸಡಿಲವಾದದ್ದು ಸುಮಾರು ಮೂವತ್ತು ವರ್ಷಗಳ ಮೇಲೆ, 1971ರಲ್ಲಿ. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವ ಬಿ.ವಿ. ಕೇಸ್ಕರ್ ಕಾಲದಲ್ಲಿ ಚಿತ್ರಗೀತೆಗೂ ಹೀಗೇ ಆಯಿತು. ಕೇಳುಗರು ರೇಡಿಯೊ ಸಿಲೋನ್ ಕಡೆಗೆ ಮುಳ್ಳು ತಿರುಗಿಸಿದರು. 1957ರಲ್ಲಿ ವಿವಿಧ ಭಾರತಿ ಬರಬೇಕಾಯಿತು. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾಗಿ, ಬ್ರಹ್ಮಾವರದ ಪ್ರಸಾರ ಕಂಬದಿಂದ ನಮ್ಮ ಮನೆಗಳಿಗೆ ಧ್ವನಿ ಬರುವ ಹೊತ್ತಿಗೆ ಈ ಜಗಳಗಳು ಮುಗಿದಿದ್ದವು. ಆಟದ ಶ್ರುತಿಗೆ ಹಾರ್ಮೋನಿಯಂ ಇರುವುದು ನಮಗೆ ಸಹಜವಾಗಿ ಕಾಣುವುದು ಅದಕ್ಕೇ. ಈಗ ಎಷ್ಟೋ ಕಡೆ ಅದೂ ಇಲ್ಲ. ವಿದ್ಯುತ್ತಿನ ಶ್ರುತಿಪೆಟ್ಟಿಗೆ ಇದೆ. ಅದನ್ನು ಮಾಡಿ ಪ್ರಸಿದ್ಧರಾದವರು ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜನಾರಾಯಣ್. ಅವರು ಎಂಜಿನಿಯರ್, ಜೊತೆಗೆ ಕೊಳಲುವಾದಕ. ಭಾಗವತರ ಬೆನ್ನಿಗೆ ಯಂತ್ರದ ಶ್ರುತಿಯನ್ನು ಒಪ್ಪಿದ ಕಿವಿ ಯಂತ್ರ ಎಂಬ ಒಂದೇ ಕಾರಣಕ್ಕೆ ಡಿಜೆಯನ್ನು ತಳ್ಳಲಾರದು. ಶ್ರುತಿ ಬೇರೆ, ಲಯ ಬೇರೆ ಎನ್ನುವವರಿದ್ದಾರೆ. ಶ್ರುತಿ ನಿಂತೇ ಇರಬೇಕಾದದ್ದು, ಲಯ ಉಸಿರಾಡಬೇಕಾದದ್ದು ಎಂಬ ಅವರ ಮಾತಿಗೆ ತೂಕವಿದೆ. ಆದರೆ ಡ್ರಮ್ ಯಂತ್ರ ತಾನಾಗಿ ಏನನ್ನೂ ಬಾರಿಸುವುದಿಲ್ಲ. ಯಾವ ಎಣಿಕೆಗೆ ಪೆಟ್ಟು, ಯಾವುದಕ್ಕೆ ಮೌನ ಎಂದು ಗುಂಡಿ ಒತ್ತಿ ಬರೆಯುವವನು ಮನುಷ್ಯ. ಅವನು ಹೃದಯವಿಲ್ಲದೆ ಬರೆದರೆ ಸಂಗೀತ ಒಣಗುತ್ತದೆ. ಹೃದಯವಿಲ್ಲದೆ ಚಂಡೆ ಬಾರಿಸಿದರೂ ಒಣಗುತ್ತದೆ. ನಮ್ಮ ಬಸ್ರೂರನ್ನೇ ತೆಗೆದುಕೊಳ್ಳಿ. ರವಿ ಬಸ್ರೂರು ಅವರ ‘ಕೆಜಿಎಫ್’ ಸಂಗೀತ 2018ರಲ್ಲಿ ದೇಶವನ್ನೆಲ್ಲ ಸುತ್ತಿತು. ಅದು ಡಿಸ್ಕೊ ಅಲ್ಲ, ಫಂಕ್ ಅಲ್ಲ. ಆದರೆ ಕಂಪ್ಯೂಟರಿನಲ್ಲಿ ಕಟ್ಟಿದ ಪೆಟ್ಟು, ಅದರ ಮೇಲೆ ಮನುಷ್ಯರ ಗುಂಪುಕೂಗು. ಅವರೇ 2014ರಲ್ಲಿ ಕುಂದಾಪುರ ಕನ್ನಡದಲ್ಲಿ ‘ಗರ್ಗರ್ ಮಂಡ್ಲ’ ಎಂಬ ಚಿತ್ರ ಮಾಡಿದವರು. ಬಸ್ರೂರಿನಲ್ಲೇ ಸ್ಟುಡಿಯೊ ಇಟ್ಟವರು. ಯಂತ್ರ ಬಂತೆಂದು ಅವರ ಮಾತಿನಿಂದ ಊರು ಹೋಗಲಿಲ್ಲ.

ಪರದೇಶದ್ದು ಎಂಬ ಆಕ್ಷೇಪಕ್ಕೆ ಹೆಚ್ಚು ಹೊತ್ತು ಬೇಡ. ಹಾರ್ಮೋನಿಯಂ ಯುರೋಪಿನದು. ಸ್ಯಾಕ್ಸೊಫೋನ್ ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಎಂಬವರು 1840ರ ದಶಕದಲ್ಲಿ ಮಾಡಿದ್ದು. ಅದನ್ನು ಕೋಟದ ಶಿವರಾಮ ಕಾರಂತರು ತಮ್ಮ ಯಕ್ಷರಂಗದ ಪ್ರಯೋಗಕ್ಕೆ ಪಿಟೀಲಿನ ಜೊತೆ ತಂದರು; ಟೀಕೆಯನ್ನೂ ಎದುರಿಸಿದರು. ಕದ್ರಿ ಗೋಪಾಲನಾಥರು ಅದರಲ್ಲೇ ಕರ್ನಾಟಕ ಸಂಗೀತ ನುಡಿಸಿ ಸಭೆಗಳನ್ನು ಗೆದ್ದರು. 1994ರಲ್ಲಿ ಎ.ಆರ್. ರೆಹಮಾನ್ ಸಂಗೀತದ ‘ಡ್ಯುಯೆಟ್’ ಚಿತ್ರಕ್ಕೂ ನುಡಿಸಿದರು. ಅವರ ಮಗ ಮಣಿಕಾಂತ್ ಕದ್ರಿ 2009ರಲ್ಲಿ ‘ಸವಾರಿ’ ಚಿತ್ರಕ್ಕೆ ಸಂಗೀತ ಕೊಟ್ಟರು. ತಂದೆ ಮಗನ ನಡುವೆ ಇಲ್ಲಿ ಗೋಡೆ ಇರಲಿಲ್ಲ.

ನೆನಪು, ಯಂತ್ರ, ಪರದೇಶ ಈ ಮೂರು ಆಕ್ಷೇಪಗಳನ್ನು ನೋಡಿದೆವು. ನಾಲ್ಕನೆಯದು ಹೊರಗೆ ಹೇಳದ ಆಕ್ಷೇಪ. ಇದು ಮರ್ಯಾದಸ್ಥರ ಸಂಗೀತವಲ್ಲ ಎಂಬುದು. ಇದರ ಹತ್ತಿರ ಸ್ವಲ್ಪ ನಿಲ್ಲಬೇಕು. ಡಿಸ್ಕೊ ಬೆಳೆದದ್ದು ಅಮೆರಿಕದ ಕಪ್ಪು ಜನರ, ಲ್ಯಾಟಿನ್ ಜನರ, ಸಲಿಂಗಿಗಳ ಕ್ಲಬ್ಬುಗಳಲ್ಲಿ. ಹೊರಗೆ ಜಾಗ ಸಿಗದವರು ಅಲ್ಲಿ ಕುಣಿದರು. 1979ರ ಜುಲೈ 12ರಂದು ಶಿಕಾಗೊದ ಒಂದು ಬೇಸ್‌ಬಾಲ್ ಮೈದಾನದಲ್ಲಿ ಸುಮಾರು 50,000 ಜನರ ಎದುರು ಡಿಸ್ಕೊ ಧ್ವನಿಮುದ್ರಿಕೆಗಳ ರಾಶಿಯನ್ನು ಸ್ಫೋಟಿಸಿದರು. ಜನ ಮೈದಾನಕ್ಕೆ ನುಗ್ಗಿದರು. ಅದು ತಮಾಷೆ ಎಂದು ಅಂದು ಹೇಳಿದರು. ಯಾರ ಸಂಗೀತವನ್ನು ಸುಡುತ್ತಿದ್ದಾರೆ ಎಂದು ಅದನ್ನು ಕಟ್ಟಿದ ಜನರಿಗೆ ಚೆನ್ನಾಗಿ ಗೊತ್ತಿತ್ತು. ಅದೇ ಶಿಕಾಗೊದಲ್ಲಿ ಕೆಲವೇ ವರ್ಷಗಳಲ್ಲಿ ಅದೇ ಜನ ಯಂತ್ರಗಳನ್ನಿಟ್ಟುಕೊಂಡು ಹೌಸ್ ಎಂಬ ಹೊಸ ಕುಣಿತದ ಸಂಗೀತವನ್ನು ಕಟ್ಟಿದರು. ಈಗ ನಮ್ಮ ಕಡೆಗೆ ಬನ್ನಿ. ಈ ಕರಾವಳಿಯ ಕೊರಗ ಸಮುದಾಯದ ಡೋಲಿನ ಲಯ ಎಷ್ಟು ಹಳೆಯದು, ಎಷ್ಟು ಶ್ರೀಮಂತ ಎಂದು ಎಲ್ಲರಿಗೂ ಗೊತ್ತು. ಆದರೆ ತಲೆಮಾರುಗಳ ಕಾಲ ಆ ಡೋಲನ್ನು ಅವರು ತಮಗಾಗಿ ಮಾತ್ರ ಬಾರಿಸುವಂತಿರಲಿಲ್ಲ. ಅಜಲು ಎಂಬ ಪದ್ಧತಿಯಲ್ಲಿ ಊರವರ ಕೋಲಕ್ಕೆ, ಕಂಬಳಕ್ಕೆ ಬಾರಿಸಬೇಕಿತ್ತು. ಅವಮಾನವೇ ಅದರ ಕೂಲಿಯಾಗಿತ್ತು. 2000ದಲ್ಲಿ ಕರ್ನಾಟಕ ಶಾಸನ ತಂದು ಅಜಲನ್ನು ನಿಷೇಧಿಸಿತು. 2021ರ ಡಿಸೆಂಬರ್ ಕೊನೆಯಲ್ಲಿ ಬ್ರಹ್ಮಾವರ ತಾಲ್ಲೂಕಿನ ಕೋಟತಟ್ಟು ಕೊರಗ ಕಾಲನಿಯಲ್ಲಿ ಒಂದು ಮದುವೆ. ಹಿಂದಿನ ರಾತ್ರಿ ಮೆಹಂದಿ, ಡಿಜೆ. ಸದ್ದಿನ ದೂರು ಹೋಯಿತು. ಬಂದ ಪೊಲೀಸರು ಲಾಠಿ ಬೀಸಿದರು. ಮದುಮಗನಿಗೂ ಪೆಟ್ಟು ಬಿತ್ತು. ರಾಜ್ಯವೆಲ್ಲ ಮಾತಾಡಿತು. ಸಬ್ ಇನ್‌ಸ್ಪೆಕ್ಟರ್ ಅಮಾನತಾದರು. ಗೃಹ ಸಚಿವರು ಕಾಲನಿಗೆ ಬಂದರು. ಊರಿಗೆಲ್ಲ ಬಾರಿಸಿಕೊಟ್ಟವರು ತಮ್ಮ ಮನೆಯ ಸಂತೋಷಕ್ಕೆ ಒಂದು ರಾತ್ರಿ ಹಾಡು ಹಾಕಿದರೆ ಸಿಕ್ಕಿದ್ದು ಇದು. ಊರಿನ ಬೇರೆ ಅಂಗಳಗಳಲ್ಲೂ ಇಂಥ ಹಾಡು ಮೊಳಗುತ್ತಿದ್ದ ಕಾಲ ಅದು. ಮರ್ಯಾದೆಯ ಪ್ರಶ್ನೆ ಎತ್ತುವ ಮೊದಲು ನಾವು ಈ ಎರಡು ಘಟನೆಗಳನ್ನು ಎದುರಿಗಿಟ್ಟುಕೊಳ್ಳಬೇಕು. ಕುಣಿತದ ಸಂಗೀತವನ್ನು ಹೀನ ಎನ್ನುವಾಗ ಎಷ್ಟೋ ಸಲ ನಾವು ಹೀನ ಎನ್ನುತ್ತಿರುವುದು ಅದನ್ನು ಕಟ್ಟಿದವರನ್ನು, ಅದಕ್ಕೆ ಕುಣಿಯುವವರನ್ನು. ಇದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ.

ಮರ್ಯಾದೆಯ ಮಾತು ಸಂಗೀತದ್ದಲ್ಲ, ಜನರದ್ದು ಎಂದೆ. ಉಳಿದ ಒಂದು ಆಕ್ಷೇಪವನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ಅದು ಸದ್ದಿನದು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಆಟದ ಮೇಳಗಳೂ ಈ ಕಾರಣದಿಂದ ಎಷ್ಟೋ ಕಡೆ ಕಾಲಮಿತಿಗೆ ಬಂದಿವೆ. ಹಾಲು ಕುಡಿಯುವ ಮಗು, ಹೃದಯದ ರೋಗಿ, ಪರೀಕ್ಷೆಗೆ ಓದುವ ಹುಡುಗಿ ಇವರೆಲ್ಲ ನೆರೆಮನೆಯಲ್ಲಿ ಇರುತ್ತಾರೆ. ಅವರ ನಿದ್ದೆ ಯಾರ ಸಂತೋಷಕ್ಕಿಂತಲೂ ಕಡಿಮೆಯದಲ್ಲ. ಆದರೆ ಒಂದನ್ನು ಗಮನಿಸಿ. ಬೇಸನ್ನು ಎದೆ ನಡುಗುವಷ್ಟು ಏರಿಸಿದಾಗ ಅಂಗಳದಲ್ಲೇ ನಿಂತವರಿಗೂ ಉಳಿದ ಸದ್ದುಗಳು ಮುಚ್ಚಿಹೋಗುತ್ತವೆ. ಗೋಡೆ ಮಾಡುವ ಕೆಲಸವನ್ನೇ ಅತಿಯಾದ ಬೇಸ್ ಮಾಡುತ್ತದೆ. ಸದ್ದು ತಗ್ಗಿಸಿದರೆ ನೆರೆಯವರಿಗೆ ನೆಮ್ಮದಿ. ಕುಣಿಯುವವರಿಗೂ ಹಾಡು ಪೂರ್ತಿ ಸಿಗುತ್ತದೆ.

ಇನ್ನು ಕೆಲವರ ಆತಂಕ ಬೇರೆ. ಇದನ್ನು ಒಪ್ಪಿಕೊಂಡರೆ ನಾಳೆ ರಂಗಸ್ಥಳದಲ್ಲೂ ಇದೇ ಬರುತ್ತದೆ, ಆಟ ಕೆಡುತ್ತದೆ ಎನ್ನುತ್ತಾರೆ. ಡೇರೆ ಮೇಳಗಳ ಕೆಲವು ಪ್ರಸಂಗಗಳಲ್ಲಿ ಸಿನಿಮಾ ಧಾಟಿ ನುಸುಳಿದ್ದನ್ನು ಕಂಡವರ ಮಾತು ಇದು. ಅವರ ನೋವು ನನಗೆ ಅರ್ಥವಾಗುತ್ತದೆ. ಒಂದು ಸಂಗೀತವನ್ನು ಮೆಚ್ಚುವುದು ಬೇರೆ, ಅದನ್ನು ಇನ್ನೊಂದರೊಳಗೆ ತುರುಕುವುದು ಬೇರೆ. ಎರಡನೆಯದನ್ನು ನಾನು ಒಪ್ಪುವುದಿಲ್ಲ. ಯಂತ್ರದ ಕುಣಿತದ ಹಾಡು ಬಹುಪಾಲು ನಾಲ್ಕರ ಎಣಿಕೆಯಲ್ಲೇ ನಡೆಯುತ್ತದೆ. ಯಕ್ಷಗಾನದಲ್ಲಿ ರೂಪಕದ ಆರು ಇದೆ, ತ್ರಿವುಡೆಯ ಏಳು ಇದೆ, ಝಂಪೆಯ ಹತ್ತು ಇದೆ. ನಾಲ್ಕನ್ನೇ ಕೇಳಿ ಬೆಳೆದ ಮೈಗೆ ಏಳರ ನಡೆ ಕೊಡುವ ಸುಖ ಗೊತ್ತೇ ಆಗುವುದಿಲ್ಲ. ಇದು ಕಿರಿಯರಿಗೆ ಆಗುತ್ತಿರುವ ನಷ್ಟ. ಹಿರಿಯರಿಗೆ ಡಿಸ್ಕೊ ಕೇಳಿ ಎಂದು ಹೇಳುವ ಹಕ್ಕು ನನಗಿದ್ದರೆ, ಕಿರಿಯರಿಗೆ ಹಿಮ್ಮೇಳದ ಹತ್ತಿರ ಕೂತು ಕೇಳಿ ಎಂದು ಹೇಳುವ ಹಕ್ಕೂ ಇದೆ. ಎರಡೂ ಆಗುವ ಮಾತು ಎಂಬುದಕ್ಕೆ ಸಾಕ್ಷಿ ನಮ್ಮಲ್ಲೇ ಇದೆ. ಬಾರ್ಕೂರು, ಮಂದಾರ್ತಿ ಸುತ್ತಿನ ಕುಡುಬಿ ಸಮುದಾಯದ ಹೋಳಿಯನ್ನು ನೋಡಿದವರಿಗೆ ಗೊತ್ತು. ಮುಂಡಾಸಿಗೆ ಹೂವು ಸುತ್ತಿಕೊಂಡು, ಮಣ್ಣಿನ ಗುಮಟೆ ಬಾರಿಸುತ್ತ ಮನೆಮನೆಗೆ ಹೋಗುತ್ತಾರೆ. ಒಂದೇ ಸುತ್ತಿನಲ್ಲಿ ಅರವತ್ತರವರೂ ಕುಣಿಯುತ್ತಾರೆ, ಹತ್ತರ ಹುಡುಗರೂ ಕುಣಿಯುತ್ತಾರೆ. ಹುಡುಗರಿಗೆ ಆ ಲಯವನ್ನು ಯಾರೂ ಪಾಠ ಮಾಡುವುದಿಲ್ಲ. ಸುತ್ತಿನ ಒಳಗೆ ಇದ್ದೇ ಕಲಿಯುತ್ತಾರೆ. ಅದೇ ಹುಡುಗರು ಮುಂದಿನ ವಾರ ಡಿಜೆಗೂ ಕುಣಿಯುತ್ತಾರೆ. ಒಂದು ಇನ್ನೊಂದನ್ನು ಓಡಿಸಿಲ್ಲ.

ಹಾಗಾದರೆ ಮಾಡುವುದೇನು? ದೊಡ್ಡ ಯೋಜನೆ ಬೇಡ. ಮೆಹಂದಿ ಮನೆಯಲ್ಲಿ ಸಂಜೆ ಏಳರಿಂದ ಹತ್ತರವರೆಗೆ ಮೂರು ಗಂಟೆ ಇದೆ. ಹಿರಿಯರ ಕುರ್ಚಿಗಳನ್ನು ಒಳಗಿನಿಂದ ಅಂಗಳಕ್ಕೆ ತನ್ನಿ. ಧ್ವನಿಪೆಟ್ಟಿಗೆಯ ಮುಂದೆಯೇ ಬೇಡ, ಸ್ವಲ್ಪ ಬದಿಗೆ ಇಡಿ. ಡಿಜೆ ಹುಡುಗನಿಗೆ ಬೇಸ್ ತಗ್ಗಿಸಲು ಹೇಳಿ. ಮೊದಲ ಗಂಟೆಯಲ್ಲಿ 1978ರ ರಾಜ್‌ಕುಮಾರ್, 1981ರ ‘ಗೀತಾ’, 1987ರ ‘ಪ್ರೇಮಲೋಕ’ ಹಾಕಿಸಿ. ಅದೇ ಕಾಲದ ಬಿಡ್ಡು ಅವರ ಒಂದೆರಡು ಹಾಡು ಸೇರಿಸಿ. ಊರಿನಲ್ಲಿ ಗುಮಟೆ ಬಾರಿಸುವವರಿದ್ದರೆ ಗೌರವದಿಂದ ಕರೆಯಿರಿ, ತಕ್ಕ ಸಂಭಾವನೆ ಕೊಡಿ. ಆಮೇಲೆ ಹುಡುಗರ ಹೊಸ ಹಾಡುಗಳು ಬರಲಿ. ಹಿರಿಯರೇ, ಆಗ ಎದ್ದು ಹೋಗಬೇಡಿ. ತಗ್ಗಿನ ಪೆಟ್ಟನ್ನು ಬಿಟ್ಟು ಅದರ ಮೇಲಿನ ಚಪ್ಪಾಳೆಯನ್ನು ಹಿಡಿಯಿರಿ, ಬೇಸ್ ಎಲ್ಲಿ ಸುಮ್ಮನಾಗುತ್ತದೆ ಎಂದು ನೋಡಿ. ಮಕ್ಕಳೇ, ದೀಪಾವಳಿ ಕಳೆದು ಮೇಳಗಳ ತಿರುಗಾಟ ಶುರುವಾದಾಗ ಅಜ್ಜಯ್ಯನ ಜೊತೆಗೆ ಒಂದು ಆಟಕ್ಕೆ ಹೋಗಿ. ಮಂದಾರ್ತಿಯದೋ, ಮಾರಣಕಟ್ಟೆಯದೋ, ಹತ್ತಿರದ್ದು ಯಾವುದಾದರೂ ಆದೀತು. ಮೊಬೈಲನ್ನು ಕಿಸೆಯಲ್ಲಿಡಿ. ಚಂಡೆಯನ್ನು ಬಿಟ್ಟು ಮದ್ದಳೆಯನ್ನು ಕೇಳಿ. ತ್ರಿವುಡೆಯ ಪದ ಬಂದಾಗ ಏಳು ಎಣಿಸಿ. ಮೊದಲ ಸಲ ತಪ್ಪುತ್ತದೆ, ಅಜ್ಜಯ್ಯನ ಬೆರಳು ನೋಡಿಕೊಂಡು ಮತ್ತೆ ಎಣಿಸಿ.